ಮಳೆ ನಕ್ಷತ್ರಗಳನ್ನು ಕಣ್ಣಾರೆ ನೋಡೋಣ



ರೋಹಿಣಿ ಮಳೆ, ಆರಿದ್ರಾ ಮಳೆ ಅಂತ ನಾವೆಲ್ಲ ಬಾಯಿತುಂಬ ಹೇಳ್ತೇವೆ. ಆ ನಕ್ಷತ್ರಗಳನ್ನು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಆ ಮಳೆ ಬರುವ ದಿನಗಳಲ್ಲಿ ಅವು ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತವೆ, ಹಾಗಾಗಿ ಕಾಣುವುದಿಲ್ಲ. ನೋಡಬೇಕಾದರೆ ಜನವರಿ ಬರಬೇಕು.

ಅಮಾವಾಸ್ಯೆಯ ಹತ್ತಿರ ಒಂದು ದಿನ, ರಾತ್ರಿ 8 ಗಂಟೆಗೆ ಅಂಗಳದಲ್ಲಿ ಚಾಪೆ ಹಾಸಿ, ದೀಪ ಆರಿಸಿ ಪೂರ್ವಕ್ಕೆ ಮುಖ ಮಾಡಿ. ಸಾಲಾಗಿ ಮೂರು ಚುಕ್ಕಿ ಕಾಣುತ್ತವೆ. ಅದರ ಎಡಕ್ಕೆ ಕೆಂಪಗಿರುವುದು ಆರಿದ್ರಾ. ಅದೇ ಸಾಲನ್ನು ಮೇಲಕ್ಕೆ ಎಳೆದರೆ ರೋಹಿಣಿ, ಇನ್ನೂ ಮೇಲೆ ಗೊಂಚಲಾಗಿ ಕೃತ್ತಿಕೆ. ಅತ್ತೆಯವರನ್ನೂ ಕರೆಯಿರಿ, ಅವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ!

ಬೆಂಕಿ ಆಮೇಲೆ ಹಾಕಿ, ಬೆಳಕಿದ್ದರೆ ಸಣ್ಣ ಚುಕ್ಕಿ ಕಾಣದು. ಉರಿ ಇಳಿದ ಮೇಲೆ ಬಿಸಿ ಬೂದಿಯಲ್ಲಿ ಗೆಣಸು ಹೂತಿಡಿ, ಕಡಲೆಕಾಯಿ ಸುಡಿ. ಅಮ್ಮ ಒಳಗೆ ಪಾತ್ರೆ ತೊಳೀತಾ, ಉಳಿದವರು ಹೊರಗೆ ತಿನ್ನುವುದು ಬೇಡ, ನೀವೂ ಕೂತ್ಕೊಳ್ಳಿ.

ಸೀಮೆಎಣ್ಣೆ, ಪೆಟ್ರೋಲ್ ಸುರಿಯಲೇಬೇಡಿ. ನೈಲಾನ್ ಸೀರೆ ಬೇಡ, ಸೆರಗು ಸೊಂಟಕ್ಕೆ ಸಿಕ್ಕಿಸಿ. ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ. ಮಗುವಿನ ಕೈ ಸುಟ್ಟರೆ ಟೂತ್‌ಪೇಸ್ಟ್ ಹಚ್ಚದೆ 20 ನಿಮಿಷ ತಣ್ಣೀರು ಹರಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.