ರೋವರ್‌ನಿಂದ ಅಳೆಸಿದರೆ ಜಮೀನು ಕಡಿಮೆಯಾಗುತ್ತದೆಯೇ?

ರೋವರ್‌ನಿಂದ ಅಳೆಸಿದರೆ ಪಹಣಿಯ ಗುಂಟೆಗಳು ಕಡಿಮೆಯಾಗುತ್ತವೆ, ಪೋಡಿಗೆ ಅರ್ಜಿ ಹಾಕುವುದೇ ಬೇಡ ಎಂದು ಮನೆಯವರು ಹೇಳುತ್ತಿದ್ದಾರೆಂದು ಬರೆದಿದ್ದೀರಿ. ಆತಂಕ ಸಹಜ, ಆದರೂ ಅಳೆಸಿ ಎಂದೇ ನನ್ನ ಸಲಹೆ. ನಮ್ಮ ಹಳೆಯ ಅಳತೆ ನಿಂತಿದ್ದು 33 ಅಡಿಯ ಸರಪಳಿಯ ಮೇಲೆ; ಅಷ್ಟೇ ಉದ್ದ, ಅಷ್ಟೇ ಅಗಲವಿದ್ದರೆ ಒಂದು ಗುಂಟೆ. ಇಳಿಜಾರಿನಲ್ಲಿ ಸರಪಳಿಯನ್ನು ಮಟ್ಟವಾಗಿ ಹಿಡಿಯದೆ ನೆಲದ ಮೇಲೇ ಎಳೆದರೆ ಅಳತೆ ಹೆಚ್ಚು ಬರುತ್ತದೆ. ಕೊಂಡಿ ಸವೆದು ಸರಪಳಿಯೇ ಉದ್ದವಾಗಿದ್ದರೆ ಕಡಿಮೆ ಬರುತ್ತದೆ. ಉಪಗ್ರಹದ ಸಂಕೇತವನ್ನು ನೆಲದ ಸ್ಥಿರ ಕೇಂದ್ರಗಳ ನೆರವಿನಿಂದ ತಿದ್ದಿಕೊಳ್ಳುವ ರೋವರ್, ಬಯಲಿನಲ್ಲಿ ಕೆಲವೇ ಸೆಂಟಿಮೀಟರ್ ವ್ಯತ್ಯಾಸದೊಳಗೆ ಜಾಗ ಗುರುತಿಸುತ್ತದೆ. ನೆಲ ಇದ್ದಷ್ಟೇ ಇರುತ್ತದೆ, ಹಳೆಯ ತಪ್ಪು ಹೊರಬೀಳುತ್ತದೆ. ದಟ್ಟ ಅಡಿಕೆ ತೋಟದೊಳಗೆ ಮಾತ್ರ ಸಂಕೇತ ಕೈಕೊಡಬಹುದು. ಅಲ್ಲಿ ಟೋಟಲ್ ಸ್ಟೇಷನ್ ಎಂಬ ಅಳತೆ ಯಂತ್ರ ಬಳಸುವಂತೆ ಕೇಳಿ.

ಹಾಗಾದರೆ ಪಕ್ಕದವರು ಒತ್ತಿಕೊಂಡ ಬದುವೇ ಯಂತ್ರದ ಲೆಕ್ಕದಲ್ಲಿ ಗಟ್ಟಿಯಾಗಿಬಿಟ್ಟರೆ? ಇದು ತಳ್ಳಿಹಾಕುವ ಮಾತಲ್ಲ. ರೋವರ್ ಅಳೆಯುವುದು ಕೋಲು ಊರಿದ ಬಿಂದುವನ್ನಷ್ಟೇ. ಎಲ್ಲಿ ಊರಬೇಕೆಂದು ತಿಳಿಸುವುದು ಮೂಲ ಟಿಪ್ಪಣಿ ಮತ್ತು ಬಾಂದುಕಲ್ಲು. 'ಭೂಮಿ' ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಏರಿದಾಗಲೂ ಹಳೆಯ ನಕ್ಷೆಯ ದೋಷಗಳು ತಾವಾಗಿ ಸರಿಹೋಗಲಿಲ್ಲ. ಆದ್ದರಿಂದ ಟಿಪ್ಪಣಿ, ಆಕಾರಬಂದ್‌ಗಳ ನಕಲು ಮೊದಲೇ ತೆಗೆಸಿ, ಕಲ್ಲಿನ ಸುತ್ತಲಿನ ಪೊದೆ ಸವರಿಸಿ, ಅಳತೆಯ ದಿನ ನೆರೆಯವರೊಡನೆ ನೀವೇ ಹಾಜರಿರಿ. ಒಪ್ಪಿಗೆಯಿಲ್ಲದಿದ್ದರೆ ಆಕ್ಷೇಪಣೆಯನ್ನು ಬರಹದಲ್ಲೇ ಕೊಡಿ. ಹಕ್ಕಿನ ತಕರಾರು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ, ಭೂಮಾಪಕರಲ್ಲ.