ಮುಖಗವಸು: ಉಸಿರಿನ ಕಾವಲು

ಮುಖವಾಡ ಬೇರೆ, ಮುಖಗವಸು ಬೇರೆ. ಮುಖವಾಡವು ಇದ್ದ ರೂಪವನ್ನು ಮರೆಸಿ ಮತ್ತೊಂದು ರೂಪವನ್ನು ತೋರಿಸುತ್ತದೆ. ಮುಖಗವಸು ಉಸಿರನ್ನು ಕಾಯುತ್ತದೆ. ಗವಸು ಎಂದರೆ ಹೊದಿಕೆ. ಗವಸಣಿಗೆ, ಕೈಗವಸು ಎಂಬಿವು ಅದೇ ಬಳಗದ ಮಾತುಗಳು. ಮಾಸ್ಕ್ ಎಂಬ ಆಂಗ್ಲ ಶಬ್ದ ಎರಡಕ್ಕೂ ಸಲ್ಲುವುದರಿಂದ ಕನ್ನಡದ ಈ ವಿವೇಕವು ಉಳಿಸಿಕೊಳ್ಳತಕ್ಕದ್ದು.

ಈ ಸಾಧನದ ಉದ್ದೇಶ ಎರಡು ಬಗೆ: ಆತ್ಮರಕ್ಷಣೆ ಮತ್ತು ಪರರಕ್ಷಣೆ. ಕೆಂಪುವರ್ಣದ ಖನಿಜವನ್ನು ಪುಡಿಮಾಡುವ ಕೆಲಸಗಾರರು ವಿಷಧೂಳಿಗೆ ಅಂಜಿ ಪ್ರಾಣಿಗಳ ಮೂತ್ರಕೋಶದ ತೆಳುಪೊರೆಯನ್ನು ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದರೆಂದು ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಇದು ಆತ್ಮರಕ್ಷಣೆ. ಜೈನರಲ್ಲಿ ಸ್ಥಾನಕವಾಸಿ ಸಾಧುಗಳು ಧರಿಸುವ ಮುಹಪತ್ತಿಯಾದರೋ ತಮ್ಮ ಉಸಿರಿನಿಂದ ಸೂಕ್ಷ್ಮಜೀವಕ್ಕೆ ಹಾನಿಯಾಗದಿರಲೆಂಬ ಅಹಿಂಸಾಭಾವದ್ದು. 1897ರಲ್ಲಿ ಶಸ್ತ್ರವೈದ್ಯ ಮಿಕುಲಿಚ್ ರೋಗಿಯ ಗಾಯಕ್ಕೆ ತನ್ನ ಬಾಯಿಯ ಹನಿ ಸಿಡಿಯದಂತೆ ಜಾಳಿಗೆಬಟ್ಟೆಯನ್ನು ಕಟ್ಟಿಕೊಂಡುದೂ ಪರರಕ್ಷಣೆಯೇ.

ಎರಡೂ ಉದ್ದೇಶಗಳು ಕೂಡಿದುದು 1910-11ರ ಮಂಚೂರಿಯದ ಶ್ವಾಸಕೋಶ ಪ್ಲೇಗಿನಲ್ಲಿ. ಪಿನಾಂಗಿನಲ್ಲಿ ಹುಟ್ಟಿದ ವೈದ್ಯ ವು ಲಿಯೆನ್-ತೆ, ರೋಗ ಗಾಳಿಯ ಮೂಲಕ ಹರಡುವುದೆಂದು ತಿಳಿದು, ಜಾಳಿಗೆಬಟ್ಟೆಯ ಪದರಗಳ ನಡುವೆ ಹತ್ತಿಯನ್ನಿಟ್ಟು ಗವಸನ್ನು ರೂಪಿಸಿದನು. ಅದನ್ನು ಧರಿಸಲೊಪ್ಪದ ಫ್ರೆಂಚ್ ವೈದ್ಯ ಮೆನಿ ಕೆಲವೇ ದಿನಗಳಲ್ಲಿ ಅದೇ ರೋಗಕ್ಕೆ ತುತ್ತಾದನು. 1972ರಲ್ಲಿ ಅಮೆರಿಕದ ತ್ರೀಎಮ್ ಸಂಸ್ಥೆ ನೇಯದ ಎಳೆಗಳ ಬಟ್ಟಲಿನಾಕಾರದ ಗವಸನ್ನು ಹೊರತಂದಿತು. 1990ರ ದಶಕದಲ್ಲಿ ಪೀಟರ್ ತ್ಸಾಯ್ ಎಳೆಗಳಿಗೆ ವಿದ್ಯುದಾವೇಶ ಕೊಡುವ ವಿಧಾನವನ್ನು ಸಾಧಿಸಿದನು; ಅಂಥ ಎಳೆ ಕಣಗಳನ್ನು ತಡೆಯುವುದಷ್ಟೇ ಅಲ್ಲ, ಸೆಳೆದೂ ಹಿಡಿಯುತ್ತದೆ. ಎನ್-95 ಎಂಬ ಹೆಸರಿನ ಅಂಕಿಗೆ, ಪರೀಕ್ಷೆಯಲ್ಲಿ 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 95ನ್ನಾದರೂ ತಡೆಯಬೇಕೆಂಬುದು ಅರ್ಥ.

2020ರ ಕೋವಿಡ್ ಕಾಲದಲ್ಲಿ ಮನೆಮನೆಯ ವಸ್ತುವಾದ ಗವಸು, ಈ ಸೀಮೆಯ ಕಸುಬುಗಳಿಗೆ ಸದಾ ಬೇಕಾದುದು. ಕನಕಪುರದ ಕಲ್ಲುಗಣಿಗಳಲ್ಲಿ ಏಳುವ ಧೂಳಿನಲ್ಲಿ ಸಿಲಿಕವಿದೆ. ಅದರ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಸಿಲಿಕೋಸಿಸ್ ರೋಗವನ್ನು ತರುತ್ತವೆ. ಬಂದಮೇಲೆ ಅದು ವಾಸಿಯಾಗುವುದಿಲ್ಲ. ಚನ್ನಪಟ್ಟಣದಲ್ಲಿ ಹಾಲೆಮರವನ್ನು ಚರಕಿಗೆ ಕೊಟ್ಟು ಕಡೆಯುವಾಗಲೂ ಉಜ್ಜುವಾಗಲೂ ನುಣ್ಣನೆಯ ಹುಡಿ ಹಾರುತ್ತದೆ. ಬಿತ್ತನೆಗೂಡಿಗೆ ಹೆಸರಾದ ಮಾಗಡಿ ಸೀಮೆಯ ಕಸುಬಿನಲ್ಲಿ, ಮೊಟ್ಟೆ ತಯಾರಿಸುವೆಡೆ ಪತಂಗದ ರೆಕ್ಕೆಯಿಂದ ಉದುರುವ ಹೊಟ್ಟು ಕೆಲವರಿಗೆ ಉಬ್ಬಸವನ್ನುಂಟುಮಾಡುವುದು. ರಾಮನಗರದ ನೂಲು ಬಿಚ್ಚುವ ಮನೆಗಳ ಹಬೆಯಲ್ಲಿ ಗವಸು ಬೇಗ ತೊಯ್ಯುತ್ತದೆ, ತೊಯ್ದುದನ್ನು ಬದಲಿಸಲೇಬೇಕು.

ಹೆಗಲ ವಸ್ತ್ರವನ್ನು ಮೂಗಿಗೆ ಸುತ್ತಿಕೊಂಡ ಕಲ್ಲುಕುಟಿಗನು ತಾನು ಕ್ಷೇಮವೆಂದು ಭಾವಿಸಬಹುದು. ಅದು ದಪ್ಪ ಧೂಳನ್ನು ತಡೆದೀತು, ಕೊಲ್ಲುವ ಸಣ್ಣ ಧೂಳನ್ನು ತಡೆಯದು. ಉತ್ತಮ ಗವಸಾದರೂ ಕೆನ್ನೆಗೆ ಅಂಟಿ ಕೂರದಿದ್ದರೆ ಗಾಳಿ ಅಂಚಿನಿಂದ ನುಸುಳುತ್ತದೆ. ಮೊದಲು ನೀರೆರಚಿ ಧೂಳನ್ನು ಹುಟ್ಟಿದಲ್ಲಿಯೇ ಅಡಗಿಸುವುದು ಕೆಲಸ ಮಾಡಿಸುವವರ ಹೊಣೆ. ಗವಸು ಆ ಬಳಿಕದ ಕಾವಲು. ಕಾಯಕವು ಬದುಕನ್ನು ಕೊಡಬೇಕಾದುದೇ ಹೊರತು ಉಸಿರನ್ನು ಕಸಿಯಬೇಕಾದುದಲ್ಲ. ಈ ಕಸುಬುಗಳ ಮನೆಗಳಿಂದ ಶಾಲೆಗೆ ಬರುವ ಮಕ್ಕಳು ಈ ಪಾಠವನ್ನು ಮನೆಗೆ ಕೊಂಡೊಯ್ದರೆ, ಕಲಿತುದು ಸಾರ್ಥಕ.