ಸೂಜಿಯೂ ಇಲ್ಲ, ಡೈಯೂ ಇಲ್ಲ

ಮೇಡಂ, ಭಯ ಬೇಡ. ನಿಮ್ಮ ಸಹೋದ್ಯೋಗಿ ಹೇಳಿದ, ಪಾದಕ್ಕೆ ಸೂಜಿ ಚುಚ್ಚಿ ಡೈ ಬಿಡುವ ವೆನೋಗ್ರಾಂ ಈಗ ಕಾಲಿನ ಅಭಿಧಮನಿಗಳ ತೊಂದರೆಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನಿಮಗೆ ಬರೆದುಕೊಟ್ಟಿರುವುದು ವೀನಸ್ ಡಾಪ್ಲರ್. ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್‌ನ ಜಾತಿಯದೇ, ಉಪವಾಸವೂ ಬೇಕಿಲ್ಲ.

ಕಾಲಿನ ಅಭಿಧಮನಿಗಳಲ್ಲಿ ರಕ್ತವನ್ನು ಮೇಲಕ್ಕಷ್ಟೇ ಬಿಡುವ ಕವಾಟಗಳಿವೆ. ವರ್ಷಗಟ್ಟಲೆ ಬೋರ್ಡಿನ ಮುಂದೆ ನಿಂತು ಪಾಠ ಮಾಡಿದವರಲ್ಲಿ ಅವು ಸೋಲುವುದು ಅಪರೂಪವೇನಲ್ಲ. ಪರೀಕ್ಷೆಯಲ್ಲಿ ನಿಮ್ಮನ್ನು ನಿಲ್ಲಿಸಿ, ಭಾರವನ್ನು ಇನ್ನೊಂದು ಕಾಲಿಗೆ ಹಾಕಿಸಿ, ತಣ್ಣನೆಯ ಜೆಲ್ ಹಚ್ಚಿ ಮೀನಖಂಡವನ್ನು ಒತ್ತಿ ಬಿಡುತ್ತಾರೆ. ಬಿಟ್ಟ ಮೇಲೆ ಚರ್ಮದಡಿಯ ನಾಳದಲ್ಲಿ ರಕ್ತ 0.5 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಮ್ಮುಖವಾಗಿ ಹರಿದರೆ ಕವಾಟ ಕೆಟ್ಟಿದೆ ಎಂದರ್ಥ. ತೊಡೆಯ ಮತ್ತು ಮಂಡಿ ಹಿಂದಿನ ಆಳದ ನಾಳಗಳಿಗೆ ಈ ಮಿತಿ 1 ಸೆಕೆಂಡ್.

ಕೆಲವು ಕಡೆ ಮಲಗಿಸಿಯೇ ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ರಕ್ತದ ಹೆಪ್ಪು ಹುಡುಕಲು ಅದು ಸರಿ, ಕವಾಟ ನೋಡಲು ಸಾಲದು. “ನಿಲ್ಲಿಸಿ ನೋಡೋದಿಲ್ವಾ?” ಎಂದು ಸಂಕೋಚವಿಲ್ಲದೆ ಕೇಳಿ.

ಇನ್ನು ಈ ತೊಂದರೆಗೆ ಹಾಕಿಕೊಳ್ಳುವ ಬಿಗಿ ಸ್ಟಾಕಿಂಗ್ಸ್ ವಿಚಾರ. ನಿಮಗೆ ಸಕ್ಕರೆ ಕಾಯಿಲೆ ಇರುವುದರಿಂದ ಮೆಡಿಕಲ್ ಶಾಪಿನಿಂದ ಸುಮ್ಮನೆ ತಂದು ಹಾಕಿಕೊಳ್ಳಬೇಡಿ. ಮೊದಲು ಪಾದಕ್ಕೆ ಶುದ್ಧರಕ್ತ ಸರಿಯಾಗಿ ಬರುತ್ತಿದೆಯೇ ಎಂದು ನೋಡಿಸಿ; ಹರಿವು ಕಡಿಮೆಯಿದ್ದರೆ ಆ ಬಿಗಿತವೇ ಅಪಾಯ. ಇದಕ್ಕಾಗಿ ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯೊಂದಿಗೆ ಹೋಲಿಸುತ್ತಾರೆ. ಸಕ್ಕರೆ ಇರುವವರಲ್ಲಿ ಅದೊಂದೇ ಸಾಲದಿದ್ದರೆ ಕಾಲಿನ ಹೆಬ್ಬೆರಳಿನ ಒತ್ತಡವನ್ನೂ ಅಳೆಯುತ್ತಾರೆ.

ಒಂದೇ ಕಾಲು ದಿಢೀರನೆ ಊದಿ ನೋವು ಬಂದರೆ, ಅಥವಾ ಉಸಿರು ಕಟ್ಟಿದರೆ, ಅಪಾಯಿಂಟ್‌ಮೆಂಟಿಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ.